ಕೆಂಪು ಬಾರದ ನಾಲ್ಕು ದಿನ

"ಮಗೂನ ಅಳಿಸಿದ್ದೀಯ. ನಿನ್ನ ಕೈಯಾರೆ ನೀನೇ ಬರೆದಿದ್ದೀಯ. ಇನ್ನೇನು ಸಾಕ್ಷಿ ಬೇಕು?"

ಮುಖ್ಯೋಪಾಧ್ಯಾಯಿನಿ ನೋಟ್‌ಬುಕ್ಕನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ತರಬೇತಿ ಶಿಕ್ಷಕಿ ತನ್ನದೇ ಅಕ್ಷರಗಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಮೇಲೆ ಶೀರ್ಷಿಕೆ: 'ತರಗತಿಯಲ್ಲಿ ತಂತ್ರಜ್ಞಾನ: ನನ್ನ ಚಿಂತನೆ.' ಕೆಳಗೆ ನಾಲ್ಕನೇ ತಾರೀಖಿನ ಬರಹ: 'ಕೊನೆಗೆ ಇಂದು ಹಿಂದಿನ ಬೆಂಚಿನ ಹುಡುಗಿಯನ್ನು ಅಳಿಸಿದೆ. ತಕ್ಷಣ ತರಗತಿ ಸುಧಾರಿಸಿತು.'

"ಸುಧಾರಿಸಿತಂತೆ! ಒಂದು ಮಗು ಕಣ್ಣೀರು ಹಾಕಿದ್ರೆ ಉಳಿದವು ತೆಪ್ಪಗಾಗ್ತವೆ. ಅದಕ್ಕೆ ಟ್ಯಾಬ್ ಯಾಕೆ ಬೇಕಿತ್ತು? ನಮ್ಮ ಕಾಲದಲ್ಲಿ ಬೆತ್ತ ಸಾಕಾಗ್ತಿತ್ತು."

 

ಮಕ್ಕಳ ಮೇಲೆ ಕೈ ಮಾಡಿದವರಿಗೆ, ಮಕ್ಕಳನ್ನು ಅಳಿಸಿದವರಿಗೆ ಪ್ರಮಾಣಪತ್ರವಿಲ್ಲ. ಶಿಕ್ಷಕರ ಕೋಣೆಯ ಬಾಗಿಲಿಗೇ ಆ ನಿಯಮ ಅಂಟಿಸಿತ್ತು. ತರಬೇತಿ ಶಿಕ್ಷಕಿ ಈಗಾಗಲೇ ಒಮ್ಮೆ ಫೇಲಾಗಿದ್ದಳು. ಈ ಸಲವೂ ಫೇಲಾದರೆ ಮೂರನೆಯ ಅವಕಾಶವಿಲ್ಲ.

ಹನ್ನೊಂದು ಮಕ್ಕಳ ತರಗತಿ. ಪಾಠ ಮುಗಿದ ಮೇಲೆ ಮಕ್ಕಳು ಟ್ಯಾಬಿನಲ್ಲಿ ಉತ್ತರ ಒತ್ತಬೇಕು. ಗೋಡೆಯ ಪರದೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೌಕ. ಅರ್ಧ ಅಂಕ ದಾಟಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಯಾರಿಗೂ ನಾಚಿಕೆಯಾಗಬಾರದೆಂದು ಹೆಸರು ಮಾತ್ರ ಬರುತ್ತಿರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ದಿನಾ ಬೀಳುವ ಕೆಂಪು ಒಂದೇ, ಅದು ಯಾರದೆಂದು ಎಲ್ಲರಿಗೂ ಗೊತ್ತು. ಮಕ್ಕಳು ಅವಳನ್ನು 'ಬಸವನಹುಳು' ಎಂದು ಕರೆಯುತ್ತಿದ್ದರು. ಉಳಿದವರು ಹತ್ತನೆಯ ಪ್ರಶ್ನೆ ಮುಗಿಸುವಾಗ ಅವಳು ಮೂರನೆಯದರ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದಳು.

ಪರದೆಯ ತುದಿಯಲ್ಲಿ ತರಗತಿಯ ಸರಾಸರಿ. ಹಿಂದೆ ಕುರ್ಚಿ ಹಾಕಿ ಕೂರುತ್ತಿದ್ದ ಮಾರ್ಗದರ್ಶಿ ಶಿಕ್ಷಕಿ ಪಾಠವನ್ನು ನೋಡುತ್ತಿರಲಿಲ್ಲ, ಆ ಅಂಕಿಯನ್ನು ನೋಡುತ್ತಿದ್ದರು. ಅರವತ್ತು ದಾಟಿದರೆ ತರಬೇತಿ ಪಾಸು. ಮೂರು ವಾರ ಅದು ಐವತ್ತೆಂಟರಲ್ಲೇ ಕಾಲು ಚಾಚಿ ಮಲಗಿತ್ತು.

ನಾಲ್ಕನೇ ತಾರೀಖು ಅರವತ್ಮೂರಾಯಿತು.

"ಅವಳು ಅತ್ತಿಲ್ಲ ಮೇಡಂ," ಎಂದಳು ತರಬೇತಿ ಶಿಕ್ಷಕಿ.

"ಹಾಗಾದ್ರೆ ಯಾಕೆ ಹಾಗೆ ಬರೆದೆ?"

"ಪದ... ಪದ ಸರಿಯಾಗಿ ಬೀಳಲಿಲ್ಲ ಮೇಡಂ."

"ಅದನ್ನ ಮಗೂನೇ ಹೇಳಲಿ."

ಹುಡುಗಿಯ ತಾಯಿ ಆಗಲೇ ಹೊರಗೆ ಕಾಯುತ್ತಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಹುಡುಗಿ ಅವಳ ಸೆರಗಿನ ಮರೆಯಲ್ಲಿ ನಿಂತಳು. ಮಾರ್ಗದರ್ಶಿ ಶಿಕ್ಷಕಿಯೂ ಒಳಗೆ ಬಂದು ಬಾಗಿಲು ಹಾಕಿದರು.

"ಹೆದರ್ಕೋಬೇಡ ಪುಟ್ಟಿ," ಎಂದರು ಮುಖ್ಯೋಪಾಧ್ಯಾಯಿನಿ. " ಈ ಮಿಸ್ ನಿನ್ನ ಅಳಿಸಿದ್ರಾ?"

ಹುಡುಗಿ ತಲೆಯಾಡಿಸಿದಳು. "ಇಲ್ಲ. ನಾನು ಅತ್ತೇ ಇಲ್ಲ. ಮಿಸ್ ಬಯ್ಯೋದೂ ಇಲ್ಲ. ನೀನು ಪ್ರಶ್ನೆ ಮಾಡಬೇಡ, ಸುಮ್ನೆ ಚಿತ್ರ ಬಿಡಿಸ್ಕೋ ಅಂತಾರೆ."

"ಬಯ್ಯೋದಾ?" ತಾಯಿಗೆ ಧೈರ್ಯ ಬಂತು. "ಅಮ್ಮಾ, ಇವಳು ಮನೇಲಿ ಕುಣೀತಾಳೆ. ನಾಲ್ಕು ದಿನದಿಂದ ನಂಗೆ ಕೆಂಪು ಬಂದಿಲ್ಲ, ಗೋಡೆ ಪೂರ್ತಿ ಹಸಿರು ಅಂತ. ಅದೇನು ಮಂತ್ರ ಹಾಕಿದ್ರೋ ಈ ತಾಯಿ. ಇವರ ಹೊಟ್ಟೆ ತಣ್ಣಗಿರಲಿ."

ಮುಖ್ಯೋಪಾಧ್ಯಾಯಿನಿಯ ಮುಖ ಸಡಿಲವಾಯಿತು. ಮಾರ್ಗದರ್ಶಿ ಶಿಕ್ಷಕಿ ನಕ್ಕೇಬಿಟ್ಟರು. "ನಾನು ಮೊದಲೇ ಹೇಳಿದ್ನಲ್ಲ ಮೇಡಂ, ಈ ಟೀಚರ್ ಹುಡುಗಿ ಇರುವೇನೂ ತುಳಿಯೋಳಲ್ಲ. ನೋಡಮ್ಮ, ಬರೆಯುವಾಗ ಪದಾನ ನೋಡ್ಕೊಂಡು ಹಾಕು. 'ಅಳಿಸಿದೆ' ತೆಗೆದು 'ನಗಿಸಿದೆ' ಅಂತ ಬರಿ. ಮುಗೀತು."

ತರಬೇತಿ ಶಿಕ್ಷಕಿ ಅಲ್ಲೇ, ಎಲ್ಲರೆದುರು, ತಿದ್ದಿದಳು. 

ಹೊರಡುವ ಮುನ್ನ ತಾಯಿ ಬಾಗಿಲಲ್ಲಿ ನಿಂತಳು. "ಮುಂದಿನ ವಾರ ದೊಡ್ಡ ಶಾಲೆ ಪರೀಕ್ಷೆ ಅಲ್ವಾ? ನಿಧಾನ ಕಲಿಯೋರಿಗೂ ಅಲ್ಲಿ ಜಾಗ ಇದೆಯಂತೆ. ಕೂತು ಬರೆದ್ರೆ ಸಾಕಂತೆ. ಅದೊಂದು ತಪ್ಪಿದ್ರೆ ಇವಳೂ ನನ್ನ ಪಕ್ಕ ಗುಂಡಿ ಹೊಲಿಯೋಕೆ ಕೂರೋದೇ. ಅರ್ಜಿ ಏನಾದ್ರೂ ಕೊಡಬೇಕಾ?"

"ಏನೂ ಬೇಡಮ್ಮ," ಎಂದರು ಮಾರ್ಗದರ್ಶಿ ಶಿಕ್ಷಕಿ. "ಈಗೆಲ್ಲ ಮಕ್ಕಳ ಹೆಸರು ಟ್ಯಾಬಿನಿಂದ ತಾನಾಗೇ ಹೋಗುತ್ತೆ."

ತರಬೇತಿ ಶಿಕ್ಷಕಿ ಎದ್ದು ನಿಂತಳು.

"ಏನಮ್ಮ?" ಎಂದರು ಮಾರ್ಗದರ್ಶಿ ಶಿಕ್ಷಕಿ.

"ಏನಿಲ್ಲ ಮೇಡಂ."

"ಹಾಗಾದ್ರೆ ಹೋಗು, ಪಾಠ ತಯಾರಿ ಮಾಡ್ಕೋ. ನಾಡಿದ್ದು ನಿನ್ನ ಕಡೇ ಪಾಠ. ಅವತ್ತೂ ಅರವತ್ತು ದಾಟಿದ್ರೆ ಪತ್ರ ನಿನ್ನ ಕೈಗೆ."

ಸಂಜೆ ಖಾಲಿ ತರಗತಿಯಲ್ಲಿ ಅವಳು ಟ್ಯಾಬನ್ನು ಕೈಗೆತ್ತಿಕೊಂಡಳು. ಬಹಳ ಹೊತ್ತು ಹಿಡಿದು ಕೂತಳು. ಸರಾಸರಿ ಅರವತ್ಮೂರು. ಟ್ಯಾಬನ್ನು ಚಾರ್ಜಿಗೆ ಹಾಕಿ, ದೀಪ ಆರಿಸಿ, ಮನೆಗೆ ಹೋದಳು.

ಕಡೇ ಪಾಠದ ದಿನ ಅದು ಅರವತ್ನಾಲ್ಕಾಯಿತು. ಮಾರ್ಗದರ್ಶಿ ಶಿಕ್ಷಕಿ ಬೆನ್ನು ತಟ್ಟಿದರು. ಪ್ರಮಾಣಪತ್ರ ಸಿಕ್ಕ ದಿನವೇ ಅವಳು ಬೇರೆ ಊರಿನ ಶಾಲೆಗೆ ಹೊರಟಳು.

ಮರುವಾರ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಸಾಲು ಕರಗುತ್ತಾ ಬಂತು. ಹುಡುಗಿ ಹೊಸ ಪೆನ್ಸಿಲ್ ಹಿಡಿದಿದ್ದಳು. ಗುಮಾಸ್ತ ಅವಳ ಸಂಖ್ಯೆ ಒತ್ತಿದ. ಇನ್ನೊಮ್ಮೆ ಒತ್ತಿದ. ಪರದೆಯನ್ನು ತಾಯಿಯ ಕಡೆ ತಿರುಗಿಸಿದ.

"ನಂಗೆ ಓದು ಬರಲ್ಲ ಸ್ವಾಮಿ. ಏನಂತೆ? ಪುಟ್ಟಿ, ನೀನೇ ಓದು."

ಹುಡುಗಿ ಬೆರಳಿಟ್ಟಳು. ಅಕ್ಷರಕ್ಕೆ ಅಕ್ಷರ ಕೂಡಿಸಿ, ಹಿಂದಿನವರೆಲ್ಲ ಗೊಣಗುತ್ತಿದ್ದರೂ ಅವಸರಪಡದೆ, ಮೊದಲ ಸಲ ಒಂದೂ ತಪ್ಪಿಲ್ಲದೆ ಪೂರ್ತಿ ಸಾಲು ಓದಿ, ಶಭಾಸ್ ಅನ್ನಲೆಂದು ಅಮ್ಮನ ಮುಖ ನೋಡಿದಳು:

"ನಾಲ್ಕನೇ ತಾರೀಖು, ತರಬೇತಿ ಶಿಕ್ಷಕಿಯ ಟ್ಯಾಬಿನಿಂದ, ಈ ವಿದ್ಯಾರ್ಥಿಯನ್ನು ಅಳಿಸಲಾಗಿದೆ."