ನೋವಿಲ್ಲದ ರಕ್ತ

ಲವಂಗದೆಣ್ಣೆಯ ವಾಸನೆ ಬಂದರೆ ಇವತ್ತಿಗೂ ನನಗೆ ಶಹಾಬಾದಿನ ಆ ಮಧ್ಯಾಹ್ನ ಕಣ್ಣ ಮುಂದೆ ಬರುತ್ತದೆ.

ನನಗಾಗ ಹತ್ತು ವರ್ಷ, ಅವ್ವನಿಗೆ ಮೂವತ್ತೆರಡು. ಪರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಪೇರಲಹಣ್ಣು ಕಚ್ಚಿದಾಗ ಅವಳ ಮುಂದಿನ ಹಲ್ಲೊಂದು ಹಣ್ಣಿನಲ್ಲೇ ಉಳಿದುಬಿಟ್ಟಿತು. ಅವಳು ಚೀರಲಿಲ್ಲ. ಹಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಮಕ್ಕಳಾದ ಮ್ಯಾಲ ಹೆಣ್ಮಕ್ಕಳ ವಸಡಿನ್ಯಾಗ ರಕ್ತ ಬರೋದೇ. ಮಿಶ್ರಿ ತಿಕ್ಕು, ಗಟ್ಟಿ ಆಗ್ತದ," ಎಂದಳು ಅಜ್ಜಿ. ಆ ಸುಟ್ಟ ತಂಬಾಕಿನ ಕರಿಪುಡಿಯನ್ನು ಅವ್ವ ವರ್ಷಗಟ್ಟಲೆ ತಿಕ್ಕಿದ್ದಳು. ಅಪ್ಪ ಈ ಸಲ ಅಜ್ಜಿಯ ಮಾತು ಕೇಳಲಿಲ್ಲ. ನಮ್ಮಿಬ್ಬರನ್ನೂ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದ. ಆ ಕೋಣೆಯ ತುಂಬ ಲವಂಗದೆಣ್ಣೆಯದೇ ವಾಸನೆ.

ಡಾಕ್ಟರು ವಸಡು ಒತ್ತಿದಾಗ ಕೀವು ಬಂತು. "ರಕ್ತ ಯಾವಾಗಿಂದ ಬರ್ಲಿಕತ್ತದ್ರಿ?"

"ಈಕಿ ಹುಟ್ಟಿದಾಗಿಂದ್ರಿ." ಅವ್ವ ನನ್ನ ಕಡೆ ನೋಡಿದಳು. "ನೋವೇ ಇರಲಿಲ್ಲ. ಅದಕ್ಕ ಯಾವ ಡಾಕ್ಟರಿಗೂ ತೋರಿಸಲಿಲ್ಲ."

"ಇದು ನೋವು ಕೊಡದೇ ತಿಂತದ್ರಿ. ಹಲ್ಲು ಚಲೋ ಅವ, ಅವನ್ನ ಹಿಡಿಯೋ ಎಲುಬೇ ಸವದದ. ಆಗಲೇ ಬಂದಿದ್ರ ಬುಡದ ಹೊಲಸು ತೆಗೆದು ಉಳಿಸ್ತಿದ್ದೆ."

ಇನ್ನೂ ಮೂರು ಹಲ್ಲು ಕೀಳಬೇಕಾಯಿತು. ಒಂದೊಂದೂ ತಟ್ಟೆಗೆ ಬಿದ್ದು ಟಣ್ ಎಂದಿತು. ಅಪ್ಪ ಹೊರಗೆ ಹೋಗಿ ನಿಂತ.

ಅವ್ವ ಬಾಯಿತುಂಬ ಹತ್ತಿ ಇಟ್ಟುಕೊಂಡು ಎದ್ದಳು. ಮಾತಾಡಲಾಗದೆ ನನ್ನ ರಟ್ಟೆ ಹಿಡಿದು, ಇನ್ನೂ ಬೆಚ್ಚಗಿದ್ದ ಆ ಕುರ್ಚಿಯಲ್ಲಿ ಕೂರಿಸಿ, ಡಾಕ್ಟರ ದೀಪದ ಕೆಳಗೆ ಎರಡೂ ಕೈಯಿಂದ ನನ್ನ ಬಾಯಿ ತೆರೆದಳು.