ತಕ್ಕಡಿ ಏರಿದ ಬೆಳ್ಳಿ

ಆ ಗೋಡೆಯನ್ನು ಕಂಡರೆ ಕಸ್ತೂರಿಗೆ ಮೈ ಉರಿಯುತ್ತಿತ್ತು...

ವಿಶ್ವವಿದ್ಯಾಲಯದ ಪೌಷ್ಟಿಕ ಆಹಾರ ಕೇಂದ್ರದ ಗೋಡೆ ಅದು. ಕೇಂದ್ರದ ಹಿಂದಿದ್ದ ಕಾಲೊನಿಯ ತಾಯಂದಿರು ಪ್ರತಿ ತಿಂಗಳು ತಮ್ಮ ಕೂಸುಗಳನ್ನು ಅಲ್ಲಿಗೆ ತೂಕಕ್ಕೆ ತರುತ್ತಿದ್ದರು.

ವಯಸ್ಸಿಗೆ ತಕ್ಕ ತೂಕವಿದ್ದರೆ ಕೂಸಿನ ಫೋಟೊ ಗೋಡೆಗೆ... ಇಲ್ಲದಿದ್ದರೆ ತಾಯಿಯ ಕೈಗೆ ಮೊಟ್ಟೆ, ಜೊತೆಗೆ ಶೇಂಗಾ ಬೆರೆಸಿದ ಹಿಟ್ಟಿನ ಪೊಟ್ಟಣ.

ಗೋಡೆಯ ನಟ್ಟನಡುವೆ ಪಕ್ಕದ ಮನೆಯ ಹೂವಕ್ಕನ ಮಗಳು ಪಾರಿ ನಗುತ್ತಿದ್ದಳು. ಗಲ್ಲ ತುಂಬಿಕೊಂಡು...

ಕಸ್ತೂರಿಯ ಮಗ ಮಲ್ಲುವಿಗೆ ಪ್ರತಿ ಸಲವೂ ಪೊಟ್ಟಣವೇ. ತೂಕ ಏರುತ್ತಿತ್ತು, ಆದರೆ ವಯಸ್ಸಿಗೆ ತಕ್ಕ ಗೆರೆ ಮುಟ್ಟುತ್ತಿರಲಿಲ್ಲ. "ಇನ್ನಷ್ಟು ದಿನ ತಾಳಿರಿ" ಎನ್ನುತ್ತಿದ್ದರು ಕೇಂದ್ರದ ಮೇಡಂ.

ಕಸ್ತೂರಿಗೆ ತಾಳಲು ಆಗಲಿಲ್ಲ.

"ಮೇಡಂ ಹೂವಕ್ಕಗ ಕದ್ದು ಹಾಲಿನಪುಡಿ ಕೊಡ್ತಾರ. ಇಲ್ಲಾಂದ್ರ ನಮ್ಮಂಥಾ ಮನ್ಯಾಗ ಹೆಣ್ಣಕೂಸು ಹಂಗ ಉಬ್ಬತೈತೇನು?" ಎಂದು ನಳದ ಹತ್ತಿರ ಸಿಕ್ಕವರಿಗೆಲ್ಲ ಹೇಳಿದಳು.

ಮುಂದಿನ ತೂಕದ ದಿನ ಮಲ್ಲು ಸೊಂಟಕ್ಕೆ ದಪ್ಪ ಬೆಳ್ಳಿ ಉಡಿದಾರ, ಕೈಗೆ ಕಡಗ ತೊಟ್ಟು ಬಂದ. ಎಲ್ಲ ತವರಿನಿಂದ ತಂದದ್ದು. ಹೊರಡುವ ಮುನ್ನ ಹೊಟ್ಟೆ ತುಂಬ ನೀರನ್ನೂ ಕುಡಿಸಿದ್ದಳು.

"ಒಡವೆ ತೆಗೀರಿ" ಎಂದರು ಮೇಡಂ.

"ಉಡಿದಾರ ಬಿಚ್ಚಬಾರದ್ರಿ ಮೇಡಂ. ಕೂಸಿಗೆ ದೃಷ್ಟಿ ಆಗತೈತ್ರಿ."

ಹಿಂದೆ ಸಾಲು ಉದ್ದವಿತ್ತು. ಮೇಡಂ ವಾದಿಸಲಿಲ್ಲ...

ತಕ್ಕಡಿಯ ಮುಳ್ಳು ಗೆರೆ ದಾಟಿತು. ಮಲ್ಲುವಿನ ಫೋಟೊ ಗೋಡೆ ಏರಿತು, ಪಾರಿಯ ಪಕ್ಕದಲ್ಲೇ.

ಆ ದಿನ ಕಸ್ತೂರಿ ಹೂವಕ್ಕನ ಬಾಗಿಲ ಮುಂದೆ ಬೇಕೆಂದೇ ನಿಧಾನವಾಗಿ ನಡೆದಳು.

ಪೊಟ್ಟಣ ನಿಂತಿತು. ಮೊಟ್ಟೆಯೂ ನಿಂತಿತು...

ಮಲ್ಲು ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿಂದು ಮಲಗತೊಡಗಿದ. ಹಿಡಿದ ನೆಗಡಿ ಬಿಡಲಿಲ್ಲ. ಓಡಾಡುತ್ತಿದ್ದವನು ಗೋಡೆಗೊರಗಿ ಕೂತುಬಿಟ್ಟ.

ಕಸ್ತೂರಿಗೆ ಅದು ಕಾಣದೇ ಇರಲಿಲ್ಲ. ಆದರೆ ಫೋಟೊ ಇಳಿದರೆ ಹೂವಕ್ಕ ನಗುತ್ತಾಳಲ್ಲ...

ಮತ್ತೆ ತೂಕದ ದಿನ. ಮತ್ತೆ ಬೆಳ್ಳಿ.

ಪಾರಿಯ ಕೈ ಹಿಡಿದು ಸಾಲಿನಲ್ಲಿ ಮುಂದೆ ನಿಂತಿದ್ದ ಹೂವಕ್ಕ ತಿರುಗಿ, "ತಾ ಇಲ್ಲೆ, ಕೈ ನೋಯತಿರಬೇಕು" ಎಂದು ಮಲ್ಲುವನ್ನು ಎತ್ತಿಕೊಂಡಳು.

ಉಡಿದಾರ ಅವನ ಸೊಂಟದಿಂದ ಜಾರಿತು. ತೊಡೆ ದಾಟಿ, ಕಾಲಿನಿಂದ ಕಳಚಿ ನೆಲಕ್ಕೆ ಬಿತ್ತು.

ಯಾರೂ ಬಿಚ್ಚಿರಲಿಲ್ಲ... ಅದನ್ನು ಹಿಡಿದುಕೊಳ್ಳಲು ಅಲ್ಲಿ ಸೊಂಟವೇ ಉಳಿದಿರಲಿಲ್ಲ.

ಹೂವಕ್ಕ ಅದನ್ನು ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ನಗು. ನಿನಗ ಇದ ಬೇಕಾಗಿತ್ತಲ್ಲ" ಎಂದಳು ಕಸ್ತೂರಿ.

"ಹ್ವಾದ ವರ್ಷ ನನ್ನ ಪಾರಿ ಕಡ್ಡಿ ಆಗಿದ್ಲು. ಇದ ಸಾಲಿನ್ಯಾಗ ನಿಂತು ನೀ ನಕ್ಕಿದ್ದಿ. ನೆನಪೈತೇನು?"

ಕಸ್ತೂರಿ ತಲೆ ತಗ್ಗಿಸಿದಳು.

"ನನ್ನ ಕಡೆ ಬೆಳ್ಳಿ ಇರಲಿಲ್ಲವಾ ಕಸ್ತೂರಿ. ಇದ್ದಿದ್ರ ನಾನೂ ಹಾಕತಿದ್ನೇನೋ... ಇಲ್ಲಂತ ಹಿಟ್ಟು ಇಸಕೊಂಡ್ನಿ. ಅಕಿ ಗಲ್ಲ ಬಂದದ್ದು ಅದರಿಂದ. ಹಾಲಿನಪುಡಿಯಿಂದ ಅಲ್ಲ."

ಕಸ್ತೂರಿ ಮಗನ ಕೈಯ ಕಡಗ ತಾನೇ ತೆಗೆದಳು. ಬರಿ ಮೈಯಲ್ಲಿ ತಕ್ಕಡಿಯ ಮೇಲೆ ಕೂರಿಸಿದಳು.

ಮುಳ್ಳು ಗೆರೆಯ ಹತ್ತಿರವೂ ಬರಲಿಲ್ಲ. ಅವಳ ಕಣ್ಣು ತುಂಬಿಬಂತು.

"ಫೋಟೊ ನಾನ ತೆಗೀತೇನ್ರಿ ಮೇಡಂ... ಪೊಟ್ಟಣ ಕೊಡ್ರಿ."

ಹೊರಗೆ ಬರುವಾಗ ಪಾರಿಯ ಫೋಟೊ ಮತ್ತೆ ಕಣ್ಣಿಗೆ ಬಿತ್ತು. ಸುಳ್ಳೇಕೆ, ಉರಿ ಇನ್ನೂ ಇತ್ತು. ಆದರೆ ಅವಳು ಹೂವಕ್ಕನ ಮುಖ ನೋಡದೆ ಕೇಳಿದಳು.

"ಪಾರಿಗೆ ಗೆರೆ ದಾಟಾಕ ಎಷ್ಟ ದಿನ ಹಿಡೀತು?"

"ಬಾಳ ದಿನ ಹಿಡೀತವಾ... ನಿನಗ ನಕ್ಕು ನಕ್ಕು ಬ್ಯಾಸರಾಗೂತನ."

ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ನಡೆದರು. ಮಲ್ಲು ಹೂವಕ್ಕನ ಸೊಂಟದ ಮೇಲಿದ್ದ, ಪಾರಿ ಅವಳ ಸೆರಗು ಹಿಡಿದಿದ್ದಳು. ಪೊಟ್ಟಣ ಕಸ್ತೂರಿಯ ಕೈಯಲ್ಲಿತ್ತು.

ಪಕ್ಕದ ಮನೆಯವರ ಕಣ್ಣಿಗೆ ತೋರಿಸುವ ತೂಕದಿಂದ ನಮ್ಮ ಕೂಸಿನ ಹೊಟ್ಟೆ ತುಂಬುವುದಿಲ್ಲ.

ಯಾರ ಮೇಲಿನ ಹೊಟ್ಟೆಕಿಚ್ಚಿಗೆ, ನಿಮ್ಮ ಮನೆಯಲ್ಲಿ ಯಾರ ಪಾಲಿನ ತುತ್ತು ನಿಂತಿದೆ...?