ಎದುರುದಾರರ ಸಹಿ

ತೊಂಡೇಬಾವಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಮೋಹನ್‌ಬಾಬು ಪ್ರಯೋಗಾಲಯದ ಬೀರುವಿನ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು. ಹೊರಗೆ ಮುಸರ್ರತ್ ಮೇಡಂ ದನಿ.

"ಮೇಷ್ಟ್ರು ಇಲ್ವಾ? ಒಂದು ಸಹಿ ಬೇಕಾಗಿತ್ತು, ಅಷ್ಟೆ."

ಆ ಒಂದು ಸಹಿಯನ್ನೇ ಅವರು ಮೂರು ದಿನದಿಂದ ಕಾಪಾಡಿಕೊಂಡು ಬಂದಿದ್ದರು.

ಚಿಂತಾಮಣಿಯಲ್ಲಿ ಖಾಲಿಯಿದ್ದದ್ದು ಒಂದೇ ಹುದ್ದೆ. ಅಲ್ಲಿಗೆ ವರ್ಗಾವಣೆ ಕೇಳಿದವರು ಇಬ್ಬರು. ಚಿಂತಾಮಣಿಯ ಮನೆಯಿಂದ ಹನ್ನೊಂದು ವರ್ಷ ಮೂರು ಬಸ್ ಬದಲಿಸಿ ಓಡಾಡಿದ ಮೋಹನ್‌ಬಾಬು. ಗೌರಿಬಿದನೂರಿನಲ್ಲಿ ಪಾಠ ಮಾಡುತ್ತಿದ್ದ, ಸೇವೆಯಲ್ಲಿ ಎರಡು ವರ್ಷ ಹಿರಿಯರಾದ ಮುಸರ್ರತ್. ತಕರಾರು ಚಿಕ್ಕಬಳ್ಳಾಪುರದ ಅಧಿಕಾರಿಯ ಮುಂದಿತ್ತು.

ನಿಯಮ ಮೋಹನ್‌ಬಾಬು ಅವರದೇ ಕಾಣಿಕೆ. ವಿಚಾರಣೆಯ ದಿನ ಎದ್ದು ನಿಂತು ಬರೆಸಿದ್ದರು: ಬಾಯಿಮಾತು ಬೇಡ, ಲಿಖಿತ ವಾದ ಮಾತ್ರ. ಅದರ ಪ್ರತಿ ಎದುರುದಾರರ ಕೈಗೇ ಮುಟ್ಟಬೇಕು. ಅವರ ಸಹಿ ಇಲ್ಲದ ವಾದ ಕಡತಕ್ಕೆ ಸೇರದು. ಶುಕ್ರವಾರ ಸಂಜೆ ಐದೇ ಕೊನೆ. ಅಧಿಕಾರಿ ಆಕಳಿಸುತ್ತ ಒಪ್ಪಿದ್ದರು.

ಮೋಹನ್‌ಬಾಬು ಅವರ ವಾದ ಹದಿನಾಲ್ಕು ಪುಟ. ಕೊನೆಯಲ್ಲೊಂದು ಗ್ರಾಫ್: ಬಸ್ಸಿನಲ್ಲಿ ಕಳೆದ ಗಂಟೆಗಳು ಒಂದು ಅಕ್ಷದಲ್ಲಿ, ಸೊಂಟನೋವು ಇನ್ನೊಂದರಲ್ಲಿ. ಪ್ರತಿ ಪಡೆದ ಮುಸರ್ರತ್ ಸಹಿ ಹಾಕಿ, ಗ್ರಾಫನ್ನು ಬಹಳ ಹೊತ್ತು ನೋಡಿದ್ದರು. ತಪ್ಪು ಹುಡುಕುತ್ತಿದ್ದಾರೆ ಎಂದು ಮೋಹನ್‌ಬಾಬು ಬೆವರಿದ್ದರು. ಅಳತೆಗಳು ಸರಿಯಿದ್ದವು, ಎರಡು ಸಲ ನೋಡಿದ್ದರು.

ಜೇಬಿನಲ್ಲಿ ಫೋನ್ ನಡುಗಿತು. ಹೆಂಡತಿ ಪದ್ಮಶ್ರೀ.

"ಆ ಮೇಡಂ ನಿನ್ನೆ ಮನೆಗೂ ಬಂದಿದ್ರು ಕಣ್ರೀ. ನಿಮ್ಮ ಸೊಂಟ ಹೇಗಿದೆ ಅಂತ ಕೇಳಿದ್ರು."

"ಸಾಕ್ಷಿ ಕಲೆಹಾಕ್ತಿದಾರೆ ಕಣೇ," ಎಂದು ಪಿಸುಗುಟ್ಟಿದರು.

"ಅದೇನು ಬರ್ದಿದಾರೋ ನೋಡಬಾರ್ದಾ? ನಾನು ಕೇಳಿದ್ರೆ, ಮೇಷ್ಟ್ರೇ ಓದ್ಲಿ ಅಂತ ನಕ್ಕರು."

"ಗೆಲ್ಲೋರು ನಗ್ತಾರೆ. ನಾನು ಓದಿದ್ರೆ ಪ್ರತಿ ತಗೊಂಡಂಗೆ, ಆಮೇಲೆ ಸಹಿ ಹಾಕ್ಬೇಕಾಗುತ್ತೆ."

ಮುಸರ್ರತ್ ಅವರ ನಂಬರನ್ನು ಅವರು ಮೊದಲ ದಿನವೇ ಬ್ಲಾಕ್ ಮಾಡಿದ್ದರು. ಅಂದೇ ಶುಕ್ರವಾರ. ಹಿಂಬಾಗಿಲಿನಿಂದ ಜಾರಿ, ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತು, ಸೊಂಟ ಹಿಡಿದುಕೊಂಡು ಚಿಕ್ಕಬಳ್ಳಾಪುರ ತಲುಪಿದರು. ಕಚೇರಿಯ ಗುಮಾಸ್ತೆ ತನುಜ ಹದಿನಾಲ್ಕು ಪುಟಗಳನ್ನೂ ಎಣಿಸಿ ಮೊಹರು ಒತ್ತಿದರು.

ಐದಕ್ಕೆ ಐದು ನಿಮಿಷ ಇದ್ದಾಗ ಮುಸರ್ರತ್ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಒಂದೇ ಒಂದು ಹಾಳೆ. ಮೋಹನ್‌ಬಾಬುಗೆ ಕನಿಕರವೇ ಬಂತು.

"ಇದಕ್ಕೆ ಎದುರುದಾರರ ಸಹಿ ಇಲ್ಲ, ತಗೋಬೇಡಿ," ಎಂದರು ತನುಜ ಅವರಿಗೆ.

"ನೀವೇ ಅಲ್ವಾ ಎದುರುದಾರರು? ಹಾಕ್ರಪ್ಪ," ಎಂದರು ಮುಸರ್ರತ್. "ನಿಮ್ಮ ಕೆಲಸ ಇವತ್ತಿಗೆ ಮುಗಿದುಹೋಗುತ್ತೆ."

"ಅದು ನಂಗೂ ಗೊತ್ತು ಮೇಡಂ."

ಕೈಕಟ್ಟಿ ಗೋಡೆ ಗಡಿಯಾರ ನೋಡುತ್ತ ನಿಂತರು. ಐದಾಯಿತು. ತನುಜ ಹಾಳೆಯನ್ನು ವಾಪಸ್ ತಳ್ಳಿದರು.

ಸೋಮವಾರ ಆದೇಶ ಬಂತು. ಸೊಂಟನೋವು ಹಿರಿತನವನ್ನು ಮೀರುವ ಕಾರಣವಲ್ಲ. ಹಿರಿಯರು ಹಕ್ಕು ಬಿಟ್ಟುಕೊಟ್ಟ ಬರಹವೂ ಕಡತದಲ್ಲಿಲ್ಲ. ಹುದ್ದೆ ಮುಸರ್ರತ್ ಅವರಿಗೆ. ಇದೇ ಅಂತಿಮ.

ಸಂಜೆ ಗೌರಿಬಿದನೂರು ಬಸ್ ನಿಲ್ದಾಣದಲ್ಲಿ ಮುಸರ್ರತ್ ಎದುರಾದರು. ಮಡಚಿದ ಹಾಳೆಯನ್ನು ಅವರ ಕೈಗಿಟ್ಟರು.

"ಈಗ ಸಹಿ ಬೇಡ ಮೇಷ್ಟ್ರೇ. ಸುಮ್ನೆ ಓದಿ."

ಹಾಳೆಯಲ್ಲಿ ಒಂದೇ ಸಾಲಿತ್ತು: "ಮೋಹನ್‌ಬಾಬು ಅವರ ಗ್ರಾಫ್ ನೋಡಿದೆ, ಚಿಂತಾಮಣಿಯ ಹುದ್ದೆ ನನಗೆ ಬೇಡ, ಅವರಿಗೇ ಕೊಡಿ."